ನಾಣ್ಯದ ಮೇಲೆ ಎದ್ದ ಬೆರಳು

ಪ್ಲೇಗು ಕಳೆದು ಊರಿಗೆ ಮರಳಿದ ದಿನ ಮನೆಯ ಬೀಗ ತೆಗೆದವಳು ಓಬಕ್ಕ. ಗಂಡ ತಿಪ್ಪಯ್ಯ ಇನ್ನೂ ಗಾಡಿಯಿಂದ ಮೂಟೆ ಇಳಿಸುತ್ತಿದ್ದ. ಅತ್ತೆ ನರಸಿಂಹಮ್ಮ ಜಗಲಿಯ ಮೇಲೆ ಕೂತು, ಹೊಸ್ತಿಲಿಗೆ ಮೊದಲು ಸಗಣಿನೀರು ಬೀಳಲಿ, ಆಮೇಲೆ ಒಳಗೆ ಕಾಲಿಡು ಎಂದು ಹೇಳುತ್ತಲೇ ಇದ್ದಳು. ಅದು ಓಬಕ್ಕನ ಕಿವಿಗೆ ಬೀಳಲಿಲ್ಲ. ದೀಪಾವಳಿ ಮುಗಿದ ವಾರದಲ್ಲಿ ಬಿಟ್ಟು ಹೋದ ಮನೆ. ಈಗ ಶಿವರಾತ್ರಿಯೂ ಕಳೆದಿತ್ತು. ಹೋಗುವಾಗ ನಾಲ್ವರು ಹೋಗಿದ್ದರು. ಬರುವಾಗ ಮೂವರು ಬಂದಿದ್ದರು.

ಒಳಗೆಲ್ಲ ಹಸಿ ಮಣ್ಣಿನ ವಾಸನೆ. ಹಿಂದಿನ ಕೋಣೆಗೆ ಹೋಗಿ ನೋಡಿದರೆ ಹಿತ್ತಲ ಗೋಡೆಯ ಬುಡ ಕುಸಿದು ಒಂದು ಕಂಡಿ ಬಿದ್ದಿತ್ತು. ಹಿಂಗಾರಿಗೆ ನೆನೆದ ಮಣ್ಣುಗೋಡೆ ನೋಡಿಕೊಳ್ಳುವವರಿಲ್ಲದೆ ಕೂತುಬಿಟ್ಟಿತ್ತು. ನಾಯಿ ನುಗ್ಗುವಷ್ಟು ಕಂಡಿ. ಒಂದು ಮಗುವೂ ನುಗ್ಗಬಹುದು. ಮೂಲೆಗೆ ಒರಗಿಸಿಟ್ಟಿದ್ದ ಚಾಪೆ ನೆಲದ ಮೇಲೆ ಅರ್ಧ ಬಿಚ್ಚಿಕೊಂಡಿತ್ತು. ಬೆಲ್ಲದ ಗಡಿಗೆಯ ಮುಚ್ಚಳ ಪಕ್ಕಕ್ಕೆ ಉರುಳಿತ್ತು, ಒಳಗೆ ಒಂದು ಚೂರೂ ಉಳಿದಿರಲಿಲ್ಲ.

ಚಾಪೆಯನ್ನು ನೋಡುತ್ತ ಓಬಕ್ಕ ಎಷ್ಟು ಹೊತ್ತು ನಿಂತಳೋ. ಆಮೇಲೆ ದೇವರ ಗೂಡಿಗೆ ಕೈ ಹಾಕಿ ಮರದ ಕರಡಿಗೆಯನ್ನು ತೆಗೆದಳು. ಅದರಲ್ಲಿ ಇದ್ದದ್ದು ಒಂದಿಷ್ಟು ಕುಂಕುಮ, ಒಂದು ಹಳೆಯ ತಾಯಿತ ಮತ್ತು ಬೆಳ್ಳಿಹಬ್ಬದ ನಾಣ್ಯ.

ಮಹಾರಾಜರು ಪಟ್ಟಕ್ಕೆ ಬಂದು ಇಪ್ಪತ್ತೈದು ವರ್ಷ ತುಂಬಿದಾಗ ಆ ನಾಣ್ಯ ಅವರ ಮನೆಗೆ ಬಂದದ್ದು. ಮಧುಗಿರಿ ಬೆಟ್ಟದ ಬುಡದಲ್ಲಿ, ಕೋಟೆಗೆ ಬೆನ್ನು ಕೊಟ್ಟಂತಿದ್ದ ಕೆಲವೇ ಮನೆಗಳಲ್ಲಿ ತಿಪ್ಪಯ್ಯನದೂ ಒಂದು. ಅವನ ಹಿರಿಯರು ಕೋಟೆ ಕಾಯುತ್ತಿದ್ದವರು. ಕಾಯುವ ಕೆಲಸ ಹೋದ ಮೇಲೆ ಹೊಲ ಉತ್ತುಕೊಂಡು ಅಲ್ಲೇ ಉಳಿದಿದ್ದರು. ಹಬ್ಬದ ದಿನ ಕೋಟೆಯ ಗೋಡೆಯುದ್ದಕ್ಕೂ ದೀಪ ಹಚ್ಚಿಸಬೇಕೆಂದು ಅಮಲ್ದಾರರಿಗೆ ಮನಸ್ಸಾಯಿತು. ಎಣ್ಣೆಯ ಡಬ್ಬ ಹೊತ್ತು ಆ ನುಣುಪು ಬಂಡೆ ಹತ್ತಿದವರು ಈ ಮನೆಗಳವರೇ. ದೀಪ ನೋಡಲು ಮೇಲೆ ಬಂದಿದ್ದ ಪರಊರಿನ ಅತಿಥಿಯೊಬ್ಬರು ಇಳಿಯುವಾಗ ತುಂತುರು ಮಳೆಗೆ ಕಾಲು ಜಾರಿದರು. ತಿಪ್ಪಯ್ಯ ಬಂಡೆಯ ಮೇಲೆ ಬೋರಲು ಬಿದ್ದು ಅವರ ಕೋಟು ಹಿಡಿದ. ಮೊಣಕೈ ಚರ್ಮ ಕಿತ್ತು ಬಂದರೂ, ಬೇರೆಯವರು ಬಂದು ಎಳೆದುಕೊಳ್ಳುವ ತನಕ ಬಿಡಲಿಲ್ಲ. ಅದಕ್ಕೆ ಅಮಲ್ದಾರರು ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ನಿಂತು, ಹಬ್ಬದ ನೆನಪಿಗೆಂದು ಹೊಡೆಸಿದ್ದ ಬೆಳ್ಳಿ ನಾಣ್ಯವೊಂದನ್ನು ಅವನ ಕೈಗಿಟ್ಟಿದ್ದರು. ಒಂದು ಕಡೆ ಗಂಡಭೇರುಂಡ. ಇನ್ನೊಂದು ಕಡೆ ಅಂಚಿಗೆ ಬಳ್ಳಿಯ ಸುತ್ತು, ನಡುವೆ ಏನೂ ಇಲ್ಲದ ಕನ್ನಡಿಯಂಥ ನುಣುಪು.

ದೀಪಾವಳಿಗೆ ಹುಣಸೆಹಣ್ಣು, ಬೂದಿ ಹಚ್ಚಿ ಅದನ್ನು ಉಜ್ಜಿದವಳು ಓಬಕ್ಕನೇ. ಮುಖ ಕಾಣುವಷ್ಟು ಬೆಳ್ಳಗಾಗಿತ್ತು. ಅವಳಿಗೆ ಚೆನ್ನಾಗಿ ನೆನಪಿತ್ತು. ಈಗ ಕುಂಕುಮ ಕೊಡವಿ ಬಾಗಿಲ ಬೆಳಕಿಗೆ ಹಿಡಿದರೆ ಆ ನುಣುಪಿನ ಮೇಲೆ ಒಂದು ಹೆಬ್ಬೆಟ್ಟಿತ್ತು.

ಪುಟ್ಟ ಹೆಬ್ಬೆಟ್ಟು. ಒಳಗೆ ಕಾಫಿಯ ಬಣ್ಣ, ಅಂಚಿಗೆ ನವಿಲುಗರಿಯ ನೀಲಿ. ಬೆರಳಿನ ಸುಳಿ, ಗೆರೆ ಎಲ್ಲ ಒತ್ತಿದ ಹಾಗೆ ಎದ್ದಿದ್ದವು. ನಾಣ್ಯ ತಿರುಗಿಸಿದರೆ ಗಂಡಭೇರುಂಡದ ರೆಕ್ಕೆಯ ಮೇಲೆ ಇನ್ನೆರಡು ಬೆರಳು. ಓಬಕ್ಕ ಸೆರಗಿನಿಂದ ಒರೆಸಿದಳು. ಹೋಗಲಿಲ್ಲ. ತನ್ನ ಕಿರುಬೆರಳನ್ನು ಆ ಗುರುತಿನ ಮೇಲಿಟ್ಟು ನೋಡಿದಳು. ಕಿರುಬೆರಳೇ ದೊಡ್ಡದಾಯಿತು.

ಹೋಗುವಾಗಿದ್ದ ನಾಲ್ಕನೆಯವಳು ಅವಳ ಮಗಳು ಬೊಮ್ಮಿ.

ಆ ವರ್ಷ ಪೇಟೆಯ ಕಡೆ ಮೊದಲು ಇಲಿ ಸತ್ತು ಬಿದ್ದವು. ಇಲಿ ಬಿದ್ದರೆ ಊರು ಬಿಡಬೇಕೆಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಕೆರೆಯಾಚೆಯ ಬಯಲಿನಲ್ಲಿ ಈಚಲ ಗರಿಯ ಗುಡಿಸಲುಗಳೆದ್ದವು. ಅಲ್ಲಿಗೆ ಹೋದ ಮೇಲೆ ಆ ಮನೆಯಲ್ಲಿ ಮೊದಲು ಮಲಗಿದವಳು ಓಬಕ್ಕ. ಕಂಕುಳಲ್ಲಿ ಗಡ್ಡೆ ಎದ್ದು, ಜ್ವರ ನೆತ್ತಿಗೇರಿ, ಮಾತು ತಪ್ಪಿತು. ಸುತ್ತಲಿನವರು ಅವಳ ಆಸೆ ಬಿಟ್ಟಿದ್ದರು. ಕೊನೆಗೆ ಗಡ್ಡೆ ಒಡೆದು ಜ್ವರ ಇಳಿದು ಅವಳು ಕಣ್ಣು ಬಿಟ್ಟಾಗ ಅತ್ತೆ ಬಾಯಿಗೆ ಗಂಜಿ ಹಾಕುತ್ತಿದ್ದಳು. ಕೂಸೆಲ್ಲಿ ಎಂದು ಓಬಕ್ಕ ಕೇಳಿದಳು. ಅತ್ತೆ ಬಟ್ಟಲು ಕೆಳಗಿಟ್ಟು ಮುಖ ತಿರುಗಿಸಿದಳು.

ತಾಯಿ ಬದುಕಿದ ಬೇನೆಯಲ್ಲಿ ಮಗಳು ಹೋಗಿದ್ದಳು. ಮಣ್ಣಾಗಿ ಆಗಲೇ ದಿನಗಳು ಕಳೆದಿದ್ದವು. ಓಬಕ್ಕ ಅಳಲಿಲ್ಲ. ಕಣ್ಣಾರೆ ಕಾಣದ ಸಾವಿಗೆ ಹೇಗೆ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಊರು ಬಿಟ್ಟ ದಿನದಿಂದ ಕಣ್ಣು ಬಿಟ್ಟ ದಿನದವರೆಗೆ ಅವಳ ತಲೆಯಲ್ಲಿ ಏನೂ ಉಳಿದಿರಲಿಲ್ಲ. ಒಲೆ ಆರಿಸಿದ್ದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡದ್ದು, ಅಷ್ಟೇ.

ಕರಡಿಗೆ ತೆಗೆದ ದಿನದಿಂದ ಅವಳ ಮನಸ್ಸು ಒಂದೇ ದಾರಿ ಹಿಡಿಯಿತು. ಬೆಳ್ಳಗೆ ಉಜ್ಜಿಟ್ಟ ನಾಣ್ಯ. ಬೀಗ ಹಾಕಿದ ಮನೆ. ಕಂಡಿ ಬಿದ್ದ ಗೋಡೆ, ಬಿಚ್ಚಿದ ಚಾಪೆ, ಬರಿದಾದ ಬೆಲ್ಲದ ಗಡಿಗೆ. ಇಷ್ಟೂ ಸೇರಿದರೆ ಒಂದೇ ಅರ್ಥ. ಬೊಮ್ಮಿ ಮನೆಗೆ ಬಂದಿದ್ದಳು. ಪ್ಲೇಗಿನ ಗಡಿಬಿಡಿಯಲ್ಲಿ ಜೀವ ಇದ್ದವರನ್ನೂ ಸತ್ತರೆಂದು ಹೊತ್ತೊಯ್ದ ಸುದ್ದಿಗಳು ಆಗ ಬೇಕಾದಷ್ಟಿದ್ದವು. ಕೊರಟಗೆರೆಯ ಕಡೆ ಒಬ್ಬ ಹೆಂಗಸು ಚಟ್ಟದ ಮೇಲೆ ಎದ್ದು ಕೂತಳಂತೆ. ಹಾಗೆಯೇ ಈ ಮಗುವೂ ಎಲ್ಲೋ ಎಚ್ಚರವಾಗಿ, ಗುಡಿಸಲು ಗುರುತು ಸಿಗದೆ, ಗೊತ್ತಿದ್ದ ದಾರಿಯಲ್ಲಿ ಮನೆಗೆ ಬಂದಿರಬೇಕು. ಬಾಗಿಲು ಬಡಿದಿರಬೇಕು. ಕಂಡಿಯಲ್ಲಿ ನುಗ್ಗಿ, ಬೆಲ್ಲ ತಿಂದು, ಚಾಪೆ ಹಾಸಿಕೊಂಡು, ಗೂಡಿನ ಕೆಳಗಿನ ಕಟ್ಟೆ ಹತ್ತಿ ತನಗಿಷ್ಟವಾದ ನಾಣ್ಯ ಹಿಡಿದುಕೊಂಡು ಅವ್ವ ಬರಲೆಂದು ಕಾದಿರಬೇಕು. ಆಮೇಲೇನಾಯಿತು ಎಂಬಲ್ಲಿಗೆ ಬಂದರೆ ಓಬಕ್ಕನ ಯೋಚನೆ ನಿಂತುಬಿಡುತ್ತಿತ್ತು.

ಗೋಡೆಯ ಕಂಡಿ ಮುಚ್ಚಲು ತಿಪ್ಪಯ್ಯ ಮಣ್ಣು ಕಲಸಿದರೆ ಅವಳು ಬಿಡಲಿಲ್ಲ. ಊಟಕ್ಕೆ ಮೊದಲು ಒಂದು ತುತ್ತು ಮುದ್ದೆ, ಸಾರು ಕಂಡಿಯ ಹತ್ತಿರ ಇಡತೊಡಗಿದಳು. ಬೆಳಿಗ್ಗೆ ಅದು ಇರುತ್ತಿರಲಿಲ್ಲ. ನಾಯಿ ತಿಂದಿತು ಕಣೇ ಎಂದು ಅತ್ತೆ ಹೇಳಿದರೆ, ಇರಬಹುದು ಎನ್ನುತ್ತಿದ್ದಳು. ಬೇಸಗೆಯ ನಡುಮಧ್ಯಾಹ್ನ, ಊರೆಲ್ಲ ನೆರಳು ಹುಡುಕಿ ಮಲಗಿರುವಾಗ, ಬೆಟ್ಟದ ಬಂಡೆ ಕಾದು ಅದರ ಝಳ ಮನೆಯೊಳಕ್ಕೆ ನುಗ್ಗುತ್ತಿರುವಾಗ, ಹಿಂದಿನ ಕೋಣೆಯಲ್ಲಿ ಬರಿಗಾಲು ನೆಲಕ್ಕೆ ತಾಗುವ ಸದ್ದು ಅವಳಿಗೆ ಕೇಳುತ್ತಿತ್ತು. ಹೋಗಿ ನೋಡಿದರೆ ಕಂಡಿಯಿಂದ ಬಿದ್ದ ಬಿಸಿಲು ನೆಲದ ಮೇಲೆ ಇರುತ್ತಿತ್ತು. ಮೊದಮೊದಲು ಅವಳಿಗೆ ಹೆದರಿಕೆಯಾಗುತ್ತಿತ್ತು. ಬರಬರುತ್ತ ಆ ಹೊತ್ತಿಗೇ ಅವಳು ಕಾಯತೊಡಗಿದಳು.

ನಾಣ್ಯದ ಮೇಲಿನ ಬೆರಳುಗಳೂ ಸುಮ್ಮನಿರಲಿಲ್ಲ. ಕಾಫಿಯ ಬಣ್ಣ ಕಪ್ಪಿಗೆ ತಿರುಗಿತು. ಅಂಚಿನ ನೀಲಿಯ ಆಚೆ ನೇರಳೆ, ಅದರಾಚೆ ತೆಳ್ಳಗೆ ಅರಿಸಿನ ಎದ್ದು, ಎಣ್ಣೆ ಬಿದ್ದ ನೀರಿನ ಹಾಗೆ ಬಣ್ಣಗಳು ಹರಡಿದವು. ಅತ್ತೆ ಒಂದು ದಿನ ಅದನ್ನು ನೋಡಿಬಿಟ್ಟಳು. ನೋಡಿದವಳು ದೇವರ ಗೂಡಿನ ಹತ್ತಿರ ಹೋಗುವುದನ್ನೇ ಬಿಟ್ಟಳು. ಮನೆಯ ಕೂಸು ಮನೆಯಲ್ಲೇ ಸಿಕ್ಕಿಕೊಂಡಿದೆ, ಅದಕ್ಕೊಂದು ದಾರಿ ಮಾಡಿ ಕಳಿಸಬೇಕು ಎಂದು ಮಗನಿಗೆ ಹೇಳಿದಳು.

ತೆಲುಗು ಗಡಿಯ ಹೊಸಕೋಟೆಯ ಕಡೆಯಿಂದ ಕಣಿ ಹೇಳುವ ಹೆಂಗಸೊಬ್ಬಳು ಬಂದದ್ದು ಅದೇ ಬೇಸಗೆಯಲ್ಲಿ. ನರಸಿಂಹಮ್ಮನೇ ಅವಳನ್ನು ಕರೆದು ಕೂರಿಸಿ, ಮೊರದಲ್ಲಿ ರಾಗಿ ಹಾಕಿ, ನಾಣ್ಯವನ್ನು ದೂರದಿಂದ ತೋರಿಸಿದಳು. ಆ ಹೆಂಗಸು ಅದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು. ಆಮೇಲೆ ಓಬಕ್ಕನ ಕಡೆ ನೋಡಿದಳು.

“ಬಿಡ್ಡ ಇಂಟಿಕೇ ವಚ್ಚಿಂದಮ್ಮಾ,” ಎಂದಳು. “ತಲುಪು ಮೂಸೇಸಿನಾರು.”

ಗಡಿಯ ಆ ತೆಲುಗು ಅಲ್ಲಿ ಎಲ್ಲರಿಗೂ ತಿಳಿಯುತ್ತಿತ್ತು. ಮಗು ಮನೆಗೇ ಬಂತು, ಬಾಗಿಲು ಮುಚ್ಚಿಬಿಟ್ಟಿದ್ದರು. ಅದಕ್ಕೇನು ಮಾಡಬೇಕೆಂದು ಅತ್ತೆ ಕೇಳುತ್ತಿದ್ದಳು. ಕೋಳಿ, ನಿಂಬೆಹಣ್ಣು, ಕರಿದಾರ ಎಂದು ಆ ಹೆಂಗಸು ಹೇಳುತ್ತಿದ್ದಳು. ಓಬಕ್ಕ ಎದ್ದು ನಾಣ್ಯ ಕಿತ್ತುಕೊಂಡು ಒಳಗೆ ಹೋದಳು. ಬೀಗ ಹಾಕಿದ್ದು ಅವಳ ಕೈ. ಬೀಗದ ಕೈ ಅಷ್ಟು ದಿನ ಇದ್ದದ್ದು ಅವಳ ಸೊಂಟದಲ್ಲಿ.

ಹೆಂಡತಿ ದಿನದಿನಕ್ಕೆ ಸೊರಗುವುದನ್ನು ಕಂಡು ತಿಪ್ಪಯ್ಯ ಒಂದು ಉಪಾಯ ಮಾಡಿದ. ಸಿರಾದ ಪೇಟೆಯಲ್ಲಿ ಬೆಳ್ಳಿ ಕೆಲಸದ ಒಬ್ಬ ಆಚಾರಿಯಿದ್ದ. ಅವನಿಗೆ ತೋರಿಸಿದರೆ ಇದು ಏನೆಂದು ತಿಳಿಯುತ್ತದೆ ಎಂದು ಅವಳನ್ನು ಒಪ್ಪಿಸಿ ಗಾಡಿ ಕಟ್ಟಿದ. ಆಚಾರಿ ವಯಸ್ಸಾದವನು. ನಾಣ್ಯವನ್ನು ಓರೆಯಾಗಿ ಹಿಡಿದು ನೋಡಿ, ಇಂಥವನ್ನು ಬೇಕಾದಷ್ಟು ಕಂಡಿದ್ದೇನೆ ಎಂದ. ಕಂಬಳಿಯಲ್ಲಿ ಸುತ್ತಿ ಹೂತಿಟ್ಟ ರೂಪಾಯಿಯ ಮೇಲೆ ಕಂಬಳಿಯ ನೇಯ್ಗೆಯೇ ಬಲೆಯ ಹಾಗೆ ಒತ್ತಿಕೊಂಡದ್ದು, ಉಪ್ಪಿನ ಮಡಕೆಯಲ್ಲಿಟ್ಟ ಕಡಗಕ್ಕೆ ಕೊಂಬಿನಂಥ ಬೂದು ಹುರುಪೆ ಕಟ್ಟಿದ್ದು, ಬೆಂಕಿ ಬಿದ್ದ ಮನೆಯ ಬೆಳ್ಳಿ ಕಾಮನಬಿಲ್ಲಿನ ಹಾಗೆ ಬಣ್ಣ ತಳೆದದ್ದು. ಬೆಳ್ಳಿ ತನ್ನ ಪಕ್ಕದಲ್ಲಿದ್ದುದನ್ನು ಮೈಗೆ ಹಚ್ಚಿಕೊಳ್ಳುವ ಲೋಹ, ಅದಕ್ಕೆ ದೆವ್ವವೂ ಬೇಡ ಭೂತವೂ ಬೇಡ ಎಂದು ನಕ್ಕ.

ಹಾಗಾದರೆ ಈ ಬೆರಳು ಹೇಗೆ ಬಂತು ಎಂದು ಓಬಕ್ಕ ಕೇಳಿದಳು. ಅವನ ನಗು ನಿಂತಿತು. ಇನ್ನೊಮ್ಮೆ ನೋಡಿ ತಲೆಯಾಡಿಸಿದ.

“ಬೆರಳು ತಾನಾಗೇ ಬರಾಕಿಲ್ಲ ಕಣಮ್ಮ. ಯಾರೋ ಮಗ ಮುಟ್ಟೈತೆ. ಅಷ್ಟು ನಿಜ.”

ಅದನ್ನು ಹೇಳಿದವನು ತಿಪ್ಪಯ್ಯನ ಸನ್ನೆಯಂತೆ ಹುಣಸೆ ರಸದ ಬಟ್ಟೆ ತೆಗೆದು ಗಂಡಭೇರುಂಡದ ಕಡೆ ಉಜ್ಜತೊಡಗಿದ. ಒಂದು ಬೆರಳು ಮಾಸಿ ಬೆಳ್ಳಿ ಬೆಳಗಿತು. ಓಬಕ್ಕ ಕೂಗಲಿಲ್ಲ. ಬಗ್ಗಿ ಅವನ ಮುಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಅವನು ಬಟ್ಟೆ ಕೆಳಗೆ ಹಾಕುವ ತನಕ ಬಿಡಲಿಲ್ಲ. ಪೇಟೆಯ ಜನ ನಿಂತು ನೋಡಿದರು. ದಾರಿಯುದ್ದಕ್ಕೂ ಅವಳು ಆ ಬೆಳ್ಳಗಾದ ಜಾಗವನ್ನು ಸವರುತ್ತ ಕೂತಿದ್ದಳು. ಗಂಡನ ಕಡೆ ನೋಡಲಿಲ್ಲ.

ಯಾರೋ ಮಗು ಮುಟ್ಟಿದೆ, ಅಷ್ಟು ನಿಜ. ಆ ಮಾತು ಅವಳೊಳಗೆ ಕೂತು, ಇನ್ನೊಂದು ಮಾತನ್ನು ಎಬ್ಬಿಸಿತು. ಮಗು ಮನೆಗೆ ಬಂದದ್ದು ನಿಜವಾದರೆ, ಮಣ್ಣು ಮಾಡಿ ಬಂದೆ ಎಂದ ಗಂಡ ಏನು ಮಾಡಿದ್ದ? ಒಂದು ದಿನ ಅವನು ಉಣ್ಣುತ್ತಿರುವಾಗ ಎದುರಿಗೆ ಕೂತು ಕೇಳಿಯೇಬಿಟ್ಟಳು.

“ನಿಜವಾಗ್ಲೂ ಸತ್ತಿದ್ಲಾ? ನೀನು ಸರಿಯಾಗಿ ನೋಡ್ದಾ?”

ತಿಪ್ಪಯ್ಯನ ಕೈ ತಟ್ಟೆಯಲ್ಲೇ ನಿಂತಿತು. “ನೋಡ್ದೆ.”

“ಯಾರು ಹೇಳಿದ್ದು, ಸತ್ಲು ಅಂತ?”

“ಯಾರೂ ಹೇಳ್ಬೇಕಾಗಿರ್ಲಿಲ್ಲ ಕಣೇ. ಬುಡು.”

ಅರ್ಧ ಊಟದಲ್ಲಿ ಎದ್ದು ಕೈ ತೊಳೆದು ಹೊರಗೆ ಹೋದ. ಬಂಡೆಯ ಮೇಲೆ ಪರರ ಕೋಟು ಹಿಡಿದು ಬಿಡದವನು ತನ್ನ ಮಗಳ ಮಾತು ಬಂದರೆ ಹೀಗೆ ಎದ್ದು ಹೋಗುತ್ತಾನಲ್ಲ ಎಂದು ಓಬಕ್ಕ ನೋಡುತ್ತ ಕೂತಳು. ಆವತ್ತಿನಿಂದ ಅವರಿಬ್ಬರ ನಡುವೆ ನೀರು, ಊಟ, ಎತ್ತು ಇಷ್ಟಕ್ಕೇ ಮಾತು. ಅವನಿಗೆ ಬಡಿಸುವಾಗಲೂ ಅವಳು ಮುಖ ನೋಡುತ್ತಿರಲಿಲ್ಲ. ಅತ್ತೆ ಇಬ್ಬರ ನಡುವೆ ಕೂತು ನಿಟ್ಟುಸಿರು ಬಿಡುತ್ತಿದ್ದಳು.

ಶ್ರಾವಣದಲ್ಲಿ ಬಡವನಹಳ್ಳಿಗೆ ಕೊಟ್ಟಿದ್ದ ತಂಗಿ ಗಿರಿಯಮ್ಮ ಬಂದಳು. ತುಂಬಿದ ಬಸುರಿ. ಹೆರಿಗೆಗೆ ಅಕ್ಕ ಜೊತೆಗಿರಲಿ ಎಂದು ಕರೆದೊಯ್ಯಲು ಬಂದಿದ್ದಳು. ಅವಳ ಸೊಂಟದಲ್ಲಿದ್ದ ಹೆಣ್ಣುಮಗುವಿಗೆ ಮೈಯೆಲ್ಲ ಕಜ್ಜಿ. ಬೆರಳ ಸಂದುಗಳು ಕೆಂಪಗೆ ಬಿರಿದಿದ್ದವು, ಮಗು ಕೆರೆದುಕೊಂಡು ಅಳುತ್ತಿತ್ತು. ನರಸಿಂಹಮ್ಮ ಅಟ್ಟದ ಮೇಲಿಂದ ಒಂದು ಪೊಟ್ಟಣ ಇಳಿಸಿ, ಗಂಧಕ ಅರೆದು ಹೊಂಗೆಯೆಣ್ಣೆಯಲ್ಲಿ ಕಲಸಿ ಸೊಸೆಯ ಮುಂದಿಟ್ಟಳು. ಓಬಕ್ಕ ಒಂದು ಕೈಯಲ್ಲಿ ಮಗುವನ್ನು ತೊಡೆಯ ಮೇಲೆ ಅದುಮಿ, ಇನ್ನೊಂದರಲ್ಲಿ ಎಣ್ಣೆ ತೆಗೆದು ಬೆರಳ ಸಂದಿಗೆಲ್ಲ ಹಚ್ಚಿದಳು. ಅರ್ಧದಲ್ಲಿ ತನ್ನ ಕೈಯ ಬೆಳ್ಳಿ ಕಡಗಗಳು ಅಡ್ಡ ಬಂದವು. ಎಣ್ಣೆಗೈಯಲ್ಲೇ ಅವನ್ನು ಕಳಚಿ ದೇವರ ಗೂಡಿಗೆ ಹಾಕಿ ಕೆಲಸ ಮುಗಿಸಿದಳು. ಹಚ್ಚಿ ಮುಗಿದ ಮೇಲೂ ಮಗುವಿನ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದಳು. ಮಾರನೆಯ ಬೆಳಿಗ್ಗೆಯೇ ತಂಗಿಯ ಜೊತೆ ಹೊರಟಳು. ಕಡಗದ ನೆನಪು ಬರಲಿಲ್ಲ.

ಹೆರಿಗೆ ಸಲೀಸಾಗಿ ಆಯಿತು. ಬಾಣಂತನ ಮುಗಿಸಿ ನವರಾತ್ರಿಯ ಹೊತ್ತಿಗೆ ಅವಳು ಮನೆಗೆ ಬಂದಳು. ಕೈ ಬೋಳೆಂದು ಅತ್ತೆ ಹೇಳಿದಾಗ ಗೂಡಿನಿಂದ ಕಡಗ ತೆಗೆದಳು. ಹೊಸ್ತಿಲಲ್ಲಿ ನಿಂತು ತೊಟ್ಟುಕೊಳ್ಳುವಾಗ ಕಣ್ಣು ಅದರ ಮೇಲೆ ಬಿತ್ತು.

ಎರಡು ಕಡಗದ ಮೇಲೂ ಬೆರಳುಗಳಿದ್ದವು.

ಮಗಳು ತಾನಿಲ್ಲದಾಗ ಬಂದಿದ್ದಳು, ತಾನಿಲ್ಲದಾಗಲೇ ಬರುತ್ತಾಳೆ ಎಂದುಕೊಂಡಳು. ಬಿಸಿಲಿಗೆ ಹಿಡಿದು ನೋಡಿದಳು. ಅದೇ ಕಾಫಿ ಬಣ್ಣ, ಅದೇ ನೀಲಿ ಅಂಚು. ಆದರೆ ಗುರುತು ದೊಡ್ಡದು. ತನ್ನ ಹೆಬ್ಬೆಟ್ಟನ್ನು ಅದರ ಮೇಲಿಟ್ಟಳು. ಅಚ್ಚು ಹೊಡೆದಂತೆ ಕೂತಿತು. ಪಕ್ಕದ ಬೆರಳಿಟ್ಟಳು. ಅದೂ ಕೂತಿತು. ಕಡಗವನ್ನು ಮೂಗಿನ ಹತ್ತಿರ ತಂದಾಗ ಹಳಸಿದ ಎಣ್ಣೆಯ ಅಡಿಯಿಂದ ಗಂಧಕದ ವಾಸನೆ ಬಂತು.

ಅವಳು ಜಗಲಿಯ ಮೇಲೆ ಕೂತುಬಿಟ್ಟಳು. ಜ್ವರ ಒರೆಸಿಹಾಕಿದ್ದ ದಿನಗಳಲ್ಲಿ ಒಂದು ತಾನಾಗಿ ತೆರೆದುಕೊಂಡಿತು. ಊರು ಬಿಟ್ಟ ದಿನದ ಬೆಳಿಗ್ಗೆ. ಅತ್ತೆ ಬೊಮ್ಮಿಯನ್ನು ಇದೇ ಜಗಲಿಯಲ್ಲಿ ಕೂರಿಸಿಕೊಂಡು, ಬೆರಳ ಸಂದಿಗೆ ಗಂಧಕದೆಣ್ಣೆ ಹಚ್ಚುತ್ತಿದ್ದಾಳೆ. ಉರಿಯುತ್ತೆ ಅವ್ವಾ ಎಂದು ಬೊಮ್ಮಿ ಕಾಲು ಬಡಿಯುತ್ತಿದ್ದಾಳೆ. ಆ ವರ್ಷ ಮಳೆಗಾಲವಿಡೀ ಅವಳ ಕೈಯಲ್ಲಿ ಕಜ್ಜಿಯಿತ್ತು. ಅದನ್ನು ಹೇಗೆ ಮರೆತೆ?

ಆದರೂ ಮನಸ್ಸು ಒಪ್ಪಲಿಲ್ಲ. ಒಂದು ಕಡಗವನ್ನು ಬೂದಿಯಲ್ಲಿ ಉಜ್ಜಿ ಬೆಳ್ಳಗೆ ಮಾಡಿ, ಗಂಧಕದೆಣ್ಣೆಯಲ್ಲಿ ಹೆಬ್ಬೆಟ್ಟು ಅದ್ದಿ ಒತ್ತಿ, ಮೇಲೆ ಕಾಣದಂತೆ ಒರೆಸಿ ಗೂಡಿಗಿಟ್ಟಳು. ಅದು ಬೆಳ್ಳಗೇ ಉಳಿಯಲಿ ಎಂದು ಅವಳು ದೇವರನ್ನು ಬೇಡಿಕೊಂಡದ್ದು ಯಾರಿಗೂ ತಿಳಿಯದು. ಉಳಿದರೆ ಮಗಳು ಬಂದಿದ್ದಳು, ಇಲ್ಲವಾದರೆ ಬಂದಿರಲಿಲ್ಲ. ಕೆಲವು ದಿನ ಆ ಕಡೆ ನೋಡದೆ ಕಳೆದಳು. ಆಯುಧಪೂಜೆಯ ದಿನ ಗೂಡು ಒರೆಸಬೇಕಾಗಿ ಬಂತು. ಕಡಗದ ಮೇಲೆ ಅವಳ ಹೆಬ್ಬೆಟ್ಟು ಮೂಡಿತ್ತು.

ತಿಪ್ಪಯ್ಯ ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದ. ಓಬಕ್ಕ ಬದುವಿನ ಮೇಲೆ ಬಂದು ನಿಂತಳು. ಬುತ್ತಿ ತಂದಿರಲಿಲ್ಲ.

“ಊರು ಬುಟ್ಟ ದಿನ ನಾಣ್ಯಾನ ಕರಡಿಗೇಲಿ ಇಟ್ಟೋರು ಯಾರು?”

ತಿಂಗಳುಗಳ ಮೇಲೆ ಹೆಂಡತಿ ತಾನಾಗಿ ಆಡಿದ ಮಾತು. ಅವನು ನೆಟ್ಟಗೆ ನಿಂತು ಯೋಚಿಸಿದ.

“ನಾನೇ. ಬೊಮ್ಮಿ ಹಿಡ್ಕೊಂಡಿದ್ಲು. ನೀನು ಗಂಟು ಕಟ್ತಿದ್ದೆ. ಗುಡಿಸ್ಲಾಗೆ ಕಳೆದೋಗ್ತದೆ ಕೊಡು ಅಂದೆ, ಕೊಡ್ಲಿಲ್ಲ. ಮುಷ್ಟಿ ಬಿಡ್ಸಿ ಇಸ್ಕೊಂಡು ಅದ್ರಾಗೆ ಹಾಕ್ದೆ. ಅದಕ್ಕೇ ಕೆರೆ ದಾಟೋತನಕ ಅತ್ತಳಲ್ಲ.”

ಓಬಕ್ಕ ಬದುವಿನ ಮೇಲೆ ಕೂತಳು. ಅವನು ಕಡಲೆಬಳ್ಳಿಯ ಕಂತೆ ಕೆಳಗಿಟ್ಟು, ಸ್ವಲ್ಪ ದೂರದಲ್ಲಿ ತಾನೂ ಕೂತ. ಗಂಧಕ ತಾಗಿದ ಕಡೆ ಬೆಳ್ಳಿ ಕಪ್ಪಾಗುವ ಸಂಗತಿಯನ್ನೆಲ್ಲ ಅವಳು ಹೇಳಿದಳು. ಕಡಗ ತೋರಿಸಿದಳು. ಅವನು ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ.

“ಅವಳು ಹೋದ ದಿನದ್ದು ನನಗೆ ಯಾಕೆ ಹೇಳ್ಲಿಲ್ಲ ನೀನು?” ಎಂದಳು ಓಬಕ್ಕ.

“ನೀನು ಕೇಳಿದ್ದು ಸತ್ತಿದ್ಲಾ ಅಂತ. ಹೆಂಗೆ ಮಣ್ಣು ಮಾಡ್ದೆ ಅಂತ ಕೇಳ್ಲಿಲ್ಲ.”

“ಈಗ ಕೇಳ್ತೀನಿ.”

ಅವನು ಮಣ್ಣನ್ನೇ ನೋಡುತ್ತ ಹೇಳಿದ. ಮಗುವಿನ ಉಸಿರು ನಿಂತದ್ದು ಮುಂಜಾವದಲ್ಲಿ. ಪಕ್ಕದಲ್ಲಿ ಓಬಕ್ಕ ಮೈಮೇಲೆ ಪ್ರಜ್ಞೆಯಿಲ್ಲದೆ ಬಿದ್ದಿದ್ದಳು, ಅವಳೂ ಬೆಳಗಾಗುವುದರೊಳಗೆ ಹೋಗುತ್ತಾಳೆಂದೇ ಅವನು ತಿಳಿದಿದ್ದ. ಹಾಗೇನಾದರೂ ಆದರೆ ತಾಯಿ ಮಗಳನ್ನು ಒಂದೇ ಗುಂಡಿಯಲ್ಲಿ ಇಡೋಣವೆಂದು ಯಾರೋ ಹೊರಗೆ ಮಾತಾಡುವುದು ಕೇಳಿಸಿತ್ತು.

“ಮೈ ಬಿಸಿ ಇತ್ತು ಕಣೇ. ಅದಕ್ಕೇ ಯಾರ್ಗೂ ಹೇಳ್ಲಿಲ್ಲ. ತೊಡೆ ಮ್ಯಾಲೆ ಇಟ್ಕೊಂಡು ಕೂತಿದ್ದೆ. ಬಿಸಿ ಪೂರಾ ಹೋಗೋವರ್ಗೂ ಕೂತಿದ್ದೆ. ಹೊತ್ತು ನೆತ್ತಿಗೆ ಬಂದಿತ್ತು.” ಅವನು ಒಂದು ಮಣ್ಣುಹೆಂಟೆ ಎತ್ತಿ ಕೈಯಲ್ಲಿ ಪುಡಿಮಾಡಿದ. “ನಿನ್ನ ಸೀರೆ ಹರ್ದು ಸುತ್ತಿದೆ. ಅವಳ ಕೈ ತೊಳೆಯಾಕೂ ಬುಡ್ಲಿಲ್ಲ, ದೂರ ನಿಂತು ಬೇಗ ಬೇಗ ಅಂತಿದ್ರು. ಗಂಧಕದ ವಾಸ್ನೆ ಅಂಗೇ ಇತ್ತು.”

ಓಬಕ್ಕ ಆಗ ಅತ್ತಳು. ಒಂದು ವರ್ಷ ಎಲ್ಲಿತ್ತೋ ಆ ಅಳು. ಪಕ್ಕದ ಹೊಲದವರು ಬಂದು ನೋಡಿ, ಏನೆಂದು ಕೇಳದೆ ಹಿಂದಿರುಗಿದರು.

ಕೆಲಸ ಬಿಟ್ಟು ಅವನು ಅವಳನ್ನು ಕೆರೆಯಾಚೆಯ ಬಯಲಿಗೆ ಕರೆದೊಯ್ದ. ಗುಡಿಸಲುಗಳ ಕಂಬದ ಗುಳಿಗಳು ಮಾತ್ರ ಅಲ್ಲಲ್ಲಿ ಉಳಿದಿದ್ದವು. ಅದರಾಚೆ ತಂಗಡಿ ಗಿಡಗಳ ನಡುವೆ, ಹೆಸರಿಲ್ಲದ ಚಿಕ್ಕ ದೊಡ್ಡ ಕಲ್ಲುಗಳು. ಯಾರ ಮನೆಯವರು ಯಾವ ಕಲ್ಲಿನ ಕೆಳಗೋ ಅವರವರಿಗೇ ಗೊತ್ತು. ಕೆಲವರ ಮನೆಯಲ್ಲಿ ಗೊತ್ತಿರುವವರೇ ಉಳಿದಿರಲಿಲ್ಲ. ಮಳೆಗೆ ಹುಲ್ಲು ಮೊಣಕಾಲಿನವರೆಗೆ ಬೆಳೆದಿತ್ತು. ಒಂದು ಕಲ್ಲಿನ ಸುತ್ತ ಮಾತ್ರ ಹುಲ್ಲಿರಲಿಲ್ಲ. ಕಿತ್ತು ಕಿತ್ತು ಮಣ್ಣು ಅಂಗಳದ ಹಾಗೆ ಚೊಕ್ಕಟವಾಗಿತ್ತು. ತಿಪ್ಪಯ್ಯ ತೋರಿಸುವ ಮೊದಲೇ ಓಬಕ್ಕ ಅದರ ಹತ್ತಿರ ಹೋಗಿ ಕೂತಳು. ಅಂಗೈಯನ್ನು ಮಣ್ಣಿನ ಮೇಲಿಟ್ಟಳು. ಬಿಸಿಲಿಗೆ ಕಾದು ಬೆಚ್ಚಗಿತ್ತು. ತಟ್ಟನೆ ಕೈ ಹಿಂದಕ್ಕೆಳೆದುಕೊಂಡಳು. ಆಮೇಲೆ ಮತ್ತೆ ಇಟ್ಟಳು.

ಮಾರನೆಯ ದಿನ ಅವಳೇ ಮಣ್ಣು ಕಲಸಿ ಗೋಡೆಯ ಕಂಡಿ ಮುಚ್ಚಿದಳು. ತಿಪ್ಪಯ್ಯನ ತಟ್ಟೆಗೆ ಬಡಿಸುವಾಗ ಸಾರು ಸಾಕೇ ಎಂದು ಕೇಳಿದಳು. ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಮುದುಕಿ ತನ್ನ ಕೈಯನ್ನೇ ನೋಡಿಕೊಳ್ಳುತ್ತ, ನಾನು ಹಚ್ಚಿದ ಎಣ್ಣೆ ಎಂದಳು. ನಾಣ್ಯ ಕರಡಿಗೆಯಲ್ಲೇ ಉಳಿಯಿತು. ಬಣ್ಣಗಳು ಒಂದಕ್ಕೊಂದು ಕೂಡಿಕೊಂಡು, ಹೆಬ್ಬೆಟ್ಟಿನ ಗೆರೆಗಳು ಸುತ್ತಲಿನ ಕಪ್ಪಿನಲ್ಲಿ ಕರಗತೊಡಗಿದವು. ಉಜ್ಜಿದರೆ ಬೆರಳು ಹೋಗುತ್ತದೆ, ಬಿಟ್ಟರೂ ಹೋಗುತ್ತದೆ. ಓಬಕ್ಕ ಉಜ್ಜಲಿಲ್ಲ.

ಮಧ್ಯಾಹ್ನಗಳಲ್ಲಿ ಹಿಂದಿನ ಕೋಣೆ ಈಗ ಬರೀ ಕೋಣೆಯಾಗಿತ್ತು. ಅವಳು ಬೇಕೆಂದೇ ಕಿವಿಗೊಟ್ಟು ಕೂತರೂ ಒಂದು ಸದ್ದೂ ಇಲ್ಲ. ಹೆದರಿಕೆ ಇದ್ದಷ್ಟು ದಿನ ಮಗಳೂ ಇದ್ದಳಲ್ಲ ಎಂದು ಅವಳಿಗೆ ಅನ್ನಿಸಿದ್ದುಂಟು. ಅದನ್ನು ಅವಳು ಗಂಡನಿಗೂ ಹೇಳಲಿಲ್ಲ.

ಸಂಕ್ರಾಂತಿ ಹತ್ತಿರವಿದ್ದಾಗ ಒಂದು ದಿನ, ಅತ್ತೆ ಸೊಸೆ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನರಸಿಂಹಮ್ಮನ ಕೈ ಇದ್ದಕ್ಕಿದ್ದಂತೆ ನಿಂತಿತು. ತಲೆ ಓರೆ ಮಾಡಿ ಒಳಮನೆಯ ಕಡೆ ಕಿವಿಯಿಟ್ಟಳು.

“ಓಬಿ,” ಎಂದಳು ಮೆಲ್ಲಗೆ. “ಒಳಗೆ ಯಾರೋ ಓಡಾಡ್ದಂಗಾಯ್ತು ಕಣೇ.”

ಓಬಕ್ಕ ಮಡಿಲಲ್ಲಿದ್ದ ಸಿಪ್ಪೆ ಕೊಡವಿ, ಮೊರ ಪಕ್ಕಕ್ಕಿಟ್ಟು, ಎದ್ದು ಒಳಗೆ ಹೋಗಿ ನೋಡಿಬಂದಳು.